ಕುಂದಾಪುರದಲ್ಲಿ ಬಾಡಿಗೆ ಫ್ಲ್ಯಾಟ್: ಅಡ್ವಾನ್ಸ್ ಕೊಡುವ ಮುನ್ನ

ಪ್ರಶ್ನೆ: ನನಗೆ ಕುಂದಾಪುರಕ್ಕೆ ವರ್ಗವಾಗಿದೆ. ಮೇ ಮೊದಲ ವಾರ ಹೋಗಬೇಕು. ಮೂರನೇ ಮಹಡಿಯಲ್ಲಿ, ಅದೇ ಕೊನೆಯ ಅಂತಸ್ತು, ಒಂದು ಬೆಡ್‌ರೂಮಿನ ಫ್ಲ್ಯಾಟ್ ನೋಡಿದ್ದೇನೆ. ಹೊಸದಾಗಿ ಪೇಂಟ್ ಮಾಡಿಸಿದ್ದಾರೆ, ಗಾಳಿ ಬೆಳಕು ಚೆನ್ನಾಗಿದೆ. ಅಡ್ವಾನ್ಸ್ ಕೊಡುವ ಮೊದಲು ಏನೇನು ಗಮನಿಸಬೇಕು?
- ಓದುಗರು, ದಾವಣಗೆರೆ

ಉತ್ತರ: ಮೊದಲು ನೀರು. ಕುಂದಾಪುರ ಪೇಟೆಯನ್ನು ಮೂರು ಕಡೆಯಿಂದ ಪಂಚಗಂಗಾವಳಿ ಹೊಳೆ ಸುತ್ತಿಕೊಂಡಿದೆ. ಉಬ್ಬರದ ಹೊತ್ತಿಗೆ ಹೊಳೆಗೆ ಉಪ್ಪುನೀರು ಏರುತ್ತದೆ. ಬೇಸಿಗೆಯಲ್ಲಿ ಅಂತರ್ಜಲ ಇಳಿದಾಗ ದಡದ ಹತ್ತಿರದ ಬಾವಿ, ಬೋರ್‌ವೆಲ್‌ಗಳಿಗೂ ಅದು ನುಗ್ಗಬಹುದು. ಡಿಸೆಂಬರಿನಲ್ಲಿ ಸಿಹಿಯಾಗಿದ್ದ ನೀರು ಮೇ ತಿಂಗಳಲ್ಲಿ ಬಾಯಿಗಿಡಲಾಗದಂತಾಗುವುದು ಹೀಗೆ. ನೀವು ನೋಡುತ್ತಿರುವುದು ಬೇಸಿಗೆಯಲ್ಲೇ ಆದ್ದರಿಂದ ನಿಜಸ್ಥಿತಿ ಈಗಲೇ ತಿಳಿಯುತ್ತದೆ. ಅಡುಗೆಮನೆಗೆ ಪುರಸಭೆಯ ನೀರು, ಬಚ್ಚಲಿಗೆ ಬೋರ್‌ವೆಲ್ ನೀರು ಇರುವ ಕಟ್ಟಡಗಳುಂಟು. ಎರಡೂ ನಲ್ಲಿಯ ನೀರನ್ನು ಬೇರೆಬೇರೆ ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ ಮುಂತಾದವುಗಳ ಒಟ್ಟು ಪ್ರಮಾಣ) 500 ಮಿಲಿಗ್ರಾಂ, ಕ್ಲೋರೈಡ್ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಕುದಿಸಿದರೆ ಉಪ್ಪು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಪ್ಪಿನ ಅಂಶ ಹೆಚ್ಚುತ್ತದೆ. ಬಚ್ಚಲಿನ ನೀರು ಉಪ್ಪಾಗಿದ್ದರೆ ಗೀಸರ್, ನಲ್ಲಿ ಬೇಗ ಹಾಳಾಗುತ್ತವೆ. ಅವುಗಳ ರಿಪೇರಿ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ.

ಇನ್ನು ಮಳೆ. ಹೊಸ ಪೇಂಟನ್ನು ನಂಬಬೇಡಿ, ಹಳೆಯ ಒರತೆಯನ್ನು ಅದು ಕೆಲವು ತಿಂಗಳು ಮುಚ್ಚಿಡಬಲ್ಲದು. ಮಳೆ ಬೀಸಿ ಹೊಡೆಯುವುದು ಪಡುವಣದ ಗೋಡೆಗೆ. ಆ ಕಡೆಯ ಕಿಟಕಿಯ ಕೆಳಭಾಗ, ಕಪಾಟಿನ ಒಳಮೂಲೆ, ಬಚ್ಚಲಿನ ಆಚೆಬದಿಯ ಗೋಡೆ ಮುಟ್ಟಿ ನೋಡಿ: ಬಿಳಿ ಪುಡಿ, ಉಬ್ಬಿದ ಪೇಂಟ್ ಕಂಡರೆ ಒಳಗೆ ತೇವವಿದೆ ಎಂದೇ ಅರ್ಥ. ಕೊನೆಯ ಅಂತಸ್ತಾದ್ದರಿಂದ ತಾರಸಿ ಹತ್ತಿಯೇ ಬರಬೇಕು. ಮೇಲೆ ಶೀಟಿನ ಮಾಡು ಇದ್ದರೆ ಸೋರುವ ಭಯ ಕಡಿಮೆ, ಸೆಕೆಯೂ ತುಸು ಕಡಿಮೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲೂ ಜಾಗ. ಕೋಣೆಯೊಳಗೇ ಒಣಹಾಕಿದರೆ ಗೋಡೆಗೂ ಹಾಸಿಗೆಗೂ ಬೂಸ್ಟು ಹಿಡಿಯುತ್ತದೆ.

ಸೀಲಿಂಗಿನಲ್ಲಿ ಉದ್ದುದ್ದ ಕಂದು ಗೆರೆ ಇದ್ದರೆ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿದಿರಬಹುದು. ತುಕ್ಕು ಹಿಗ್ಗಿ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಕೋಲಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬಾಡಿಗೆ ಎಷ್ಟೇ ಅಗ್ಗವಾದರೂ ಆ ಮನೆ ಬೇಡ. ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಮೈಮೇಲೇ ಬೀಳಬಹುದು.

ಪ್ರಶ್ನೆ: ಕರಾರನ್ನು 11 ತಿಂಗಳಿಗೇ ಮಾಡುವುದೇಕೆ? ಅದರಲ್ಲಿ ಏನೇನು ಬರೆಸಬೇಕು?

ಉತ್ತರ: ಒಂದು ವರ್ಷಕ್ಕೆ ಮೀರಿದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದಕ್ಕೇ 11 ತಿಂಗಳು. ಇ-ಸ್ಟಾಂಪ್ ಪಡೆದು ಕರಾರು ಬರೆಸಿ ಎರಡು ಪ್ರತಿ ಇಟ್ಟುಕೊಳ್ಳಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕಳಿಸಿ. ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮುಂಚೆ ತಿಳಿಸಬೇಕು, ಬೇಸಿಗೆಯ ಟ್ಯಾಂಕರ್ ನೀರಿನ ಖರ್ಚು ಮೆಂಟೆನೆನ್ಸಿನಲ್ಲಿ ಸೇರಿದೆಯೇ, ಇವೆಲ್ಲ ಬರವಣಿಗೆಯಲ್ಲಿರಲಿ. ಮೆಸ್ಕಾಂ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ (ಆ ಮನೆಯ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ), ಬೀಗದ ಕೈ ಪಡೆದ ದಿನದ ಮೀಟರ್ ರೀಡಿಂಗ್ ಕೂಡ ಸೇರಿಸಿ. ಹಳೆಯ ಬಾಕಿ ಉಳಿದಿದ್ದರೆ ಮೊದಲು ಅದನ್ನು ಕಟ್ಟಿಸಿ, ಆಮೇಲೆ ಸಹಿ ಹಾಕಿ.