ಗದ್ದೆ ನಡುವಿನ ಊರು, ಏಳು ಸಲ ಚಾಂಪಿಯನ್

ಪ್ರಶ್ನೆ: ಸರ್, ಇಟಲಿ ಫುಟ್‌ಬಾಲ್ ಲೀಗಿನ ಚಾಂಪಿಯನ್ನರ ಪಟ್ಟಿ ನೋಡುತ್ತಿದ್ದೆ. ಯುವೆಂಟಸ್, ಇಂಟರ್, ಮಿಲಾನ್ ಎಲ್ಲ ಗೊತ್ತಿರುವ ಹೆಸರೇ. ನಡುವೆ 'ಪ್ರೊ ವೆರ್ಚೆಲ್ಲಿ' ಅಂತ ಒಂದಿದೆ, ಅದೂ ಏಳು ಸಲ! ಯಾವ ಊರು ಇದು? ಹೇಗೆ ಗೆದ್ದರು?
- ಓದುಗರು, ದಾವಣಗೆರೆ

ಉತ್ತರ: ನೀವು ನೋಡಿದ್ದು ಸರಿ, ಏಳೇ. 1908, 1909, 1911, 1912, 1913, ಆಮೇಲೆ 1921 ಮತ್ತು 1922. 2025ರ ವರೆಗಿನ ಲೆಕ್ಕ ತೆಗೆದುಕೊಂಡರೆ ನಾಪೋಲಿ ಗೆದ್ದದ್ದು ನಾಲ್ಕು, ರೋಮಾ ಮೂರು. ಅಷ್ಟು ದೊಡ್ಡ ನಗರಗಳ ಈ ಎರಡು ಕ್ಲಬ್ಬುಗಳದ್ದನ್ನು ಕೂಡಿಸಿದರೆ ಈ ಒಂದು ಊರಿನ ಕ್ಲಬ್ಬಿಗೆ ಸಮ.

ವೆರ್ಚೆಲ್ಲಿ ಇರುವುದು ಉತ್ತರ ಇಟಲಿಯ ಪಿಯೆಮೊಂಟೆ ಪ್ರಾಂತ್ಯದಲ್ಲಿ, ಟ್ಯೂರಿನ್ ಮತ್ತು ಮಿಲಾನ್ ನಡುವೆ, ಸೆಸಿಯಾ ನದಿಯ ದಡದಲ್ಲಿ. ಇವತ್ತಿಗೂ ಅಲ್ಲಿನ ಜನಸಂಖ್ಯೆ ಸುಮಾರು 45 ಸಾವಿರ ಅಷ್ಟೇ. ಊರು ದಾಟಿದರೆ ಸಾಕು, ಎತ್ತ ನೋಡಿದರೂ ಭತ್ತದ ಗದ್ದೆ. ಹೌದು, ಇಟಲಿಯಲ್ಲಿ ಭತ್ತ! ಪೋ ನದಿಯ ನೀರನ್ನು 80 ಕಿಲೋಮೀಟರಿಗೂ ಜಾಸ್ತಿ ದೂರ ಒಯ್ಯುವ ಕವೂರ್ ನಾಲೆ 1866ರಲ್ಲಿ ಮುಗಿಯಿತು. ವಸಂತದಲ್ಲಿ ಗದ್ದೆಗೆ ನೀರು ಬಿಟ್ಟಾಗ ಬದುಗಳ ನಡುವೆ ಚೌಕ ಚೌಕವಾಗಿ ನೀರು ನಿಂತು ಹೊಳೆಯುತ್ತದೆ, ಅಲ್ಲಿಯ ಜನ ಅದನ್ನು 'ಚೌಕುಳಿ ಸಮುದ್ರ' ಎನ್ನುತ್ತಾರೆ. ಆ ಕಾಲದಲ್ಲಿ ಕಳೆ ಕೀಳಲು ಬೇರೆ ಊರುಗಳಿಂದ ಹೆಂಗಸರು ಗುಂಪು ಕಟ್ಟಿಕೊಂಡು ಬರುತ್ತಿದ್ದರು. ದಿನವಿಡೀ ಕೆಸರು ನೀರಿನಲ್ಲಿ ಸೊಂಟ ಬಗ್ಗಿಸಿ ದುಡಿಮೆ. ಗದ್ದೆಗೆ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಲಬ್ ಶುರುವಾಗಿದ್ದು ಫುಟ್‌ಬಾಲಿಗಲ್ಲ. 1892ರಲ್ಲಿ ಊರಿನವರು ಕಟ್ಟಿದ್ದು ಕಸರತ್ತು, ಕತ್ತಿವರಸೆಯ ಸಂಘ. ಅಲ್ಲಿ ಕತ್ತಿವರಸೆ ಕಲಿಯುತ್ತಿದ್ದ ಮಾರ್ಚೆಲ್ಲೊ ಬೆರ್ತಿನೆತ್ತಿ ಎಂಬ ಹುಡುಗ ಟ್ಯೂರಿನ್‌ನಲ್ಲಿ ಫುಟ್‌ಬಾಲ್ ನೋಡಿ ಬಂದು, 1903ರಲ್ಲಿ ಸಂಘದೊಳಗೇ ಒಂದು ಫುಟ್‌ಬಾಲ್ ವಿಭಾಗ ತೆರೆಸಿದ. ಮುಂದೆ ಅವನು ಡಾಕ್ಟರ್ ಆದ, ಕತ್ತಿವರಸೆಯಲ್ಲಿ 1924 ಮತ್ತು 1928ರ ಒಲಿಂಪಿಕ್ಸ್‌ನಲ್ಲಿ ಇಟಲಿ ತಂಡದ ಜೊತೆ ಚಿನ್ನವನ್ನೂ ಗೆದ್ದ. ಒಬ್ಬನೇ ಮನುಷ್ಯನ ಬದುಕು ಇದು!

1907ರಲ್ಲಿ ಎರಡನೇ ದರ್ಜೆ ಗೆದ್ದರು, ಮರುವರ್ಷ ನೇರ ಇಟಲಿ ಚಾಂಪಿಯನ್. ಆ ವರ್ಷ ವಿದೇಶಿ ಆಟಗಾರರು ಬೇಡ ಎಂದು ಫೆಡರೇಷನ್ ನಿಯಮ ಮಾಡಿತ್ತು, ಅದಕ್ಕೆ ಜಿನೋವಾ, ಮಿಲಾನ್, ತೊರಿನೊ ಸಿಟ್ಟಾಗಿ ಹೊರಗುಳಿದವು. ಹಾಗಾಗಿ ಮೊದಲ ಗೆಲುವಿಗೆ ಅಷ್ಟು ತೂಕ ಇಲ್ಲ ಎನ್ನುವವರಿದ್ದಾರೆ. ಇರಲಿ. ಆದರೆ 1911ರಿಂದ 1913ರ ವರೆಗೆ ದೊಡ್ಡ ತಂಡಗಳೆಲ್ಲ ವಿದೇಶಿಯರನ್ನು ಇಟ್ಟುಕೊಂಡೇ ಕಣದಲ್ಲಿದ್ದವು, ಆಗಲೂ ಸತತ ಮೂರು ಸಲ ಗೆದ್ದದ್ದು ಇದೇ ತಂಡ. ಆಡಿದವರು ಹೆಚ್ಚುಕಡಿಮೆ ಎಲ್ಲರೂ ಆ ಊರಿನ, ಸುತ್ತಮುತ್ತಲಿನ ಹುಡುಗರು. ಕಸರತ್ತಿನ ಮನೆಯಲ್ಲಿ ಬೆಳೆದ ಮೈ, ಕೊನೇ ನಿಮಿಷದ ವರೆಗೂ ಓಡುತ್ತಿದ್ದರು. ನಡು ಮೈದಾನದಲ್ಲಿ ಗ್ವಿದೊ ಆರಾ, ನಾಯಕ ಜುಸೆಪ್ಪೆ ಮಿಲಾನೊ, ಪಿಯೆತ್ರೊ ಲಿಯೋನೆ, ಈ ಮೂವರನ್ನು ದಾಟಿ ಹೋಗುವುದೇ ಎದುರಾಳಿಗೆ ದೊಡ್ಡ ಕೆಲಸ. 1913ರ ಮೇ 1ರಂದು ಟ್ಯೂರಿನ್‌ನಲ್ಲಿ ಇಟಲಿ ತಂಡ ಬೆಲ್ಜಿಯಂ ವಿರುದ್ಧ ಇಳಿದಾಗ ಹನ್ನೊಂದರಲ್ಲಿ ಒಂಬತ್ತು ಜನ ಪ್ರೊ ವೆರ್ಚೆಲ್ಲಿಯವರು. ಇಟಲಿ 1-0 ಗೆದ್ದಿತು. ಗೋಲು ಹೊಡೆದದ್ದೂ ಆರಾನೇ.

ಅದೇ ವರ್ಷ ಇಂಗ್ಲೆಂಡಿನ ರೆಡಿಂಗ್ ತಂಡ ಇಟಲಿಗೆ ಬಂದು ಇವರಿಗೆ 6-0 ಹೊಡೆದು ಹೋಯಿತು. ಇದನ್ನೂ ಹೇಳಲೇಬೇಕು. ಆಗಿನ ಇಟಲಿ ಫುಟ್‌ಬಾಲ್ ಇನ್ನೂ ಕಲಿಯುವ ಹಂತದಲ್ಲಿತ್ತು.

ಪ್ರಶ್ನೆ: 'ಪ್ರೊ' ಅಂದರೆ ಪ್ರೊಫೆಷನಲ್ ಅಂತಾನಾ?
- ವಿದ್ಯಾರ್ಥಿ, ಮೈಸೂರು

ಉತ್ತರ: ಅಲ್ಲ. ಲ್ಯಾಟಿನ್‌ನಲ್ಲಿ 'ಪ್ರೊ' ಅಂದರೆ 'ಪರವಾಗಿ'. ವೆರ್ಚೆಲ್ಲಿಯ ಪರವಾಗಿ, ಊರಿಗಾಗಿ. ಏಳು ಪ್ರಶಸ್ತಿ ಗೆದ್ದ ಆ ದಿನಗಳಲ್ಲಿ ಇಟಲಿಯಲ್ಲಿ ಆಟಕ್ಕೆ ಸಂಬಳ ಕೊಡುವಂತೆಯೇ ಇರಲಿಲ್ಲ.

ಪ್ರಶ್ನೆ: ಒಮ್ಮೆ ಫೈನಲ್‌ಗೆ ಇವರು ಚಿಕ್ಕ ಹುಡುಗರನ್ನು ಕಳಿಸಿದ್ದರಂತೆ. ನಿಜವಾ? ಯಾಕೆ?
- ಓದುಗರು, ಹುಬ್ಬಳ್ಳಿ

ಉತ್ತರ: ನಿಜ. 1910ರ ಮಾತು. ಲೀಗ್ ಮುಗಿದಾಗ ಪ್ರೊ ವೆರ್ಚೆಲ್ಲಿ ಮತ್ತು ಇಂಟರ್ ಎರಡಕ್ಕೂ 25 ಪಾಯಿಂಟ್. ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡಲು ಇನ್ನೊಂದು ಪಂದ್ಯ ಬೇಕಾಯಿತು, ಫೆಡರೇಷನ್ ಏಪ್ರಿಲ್ 24 ಎಂದು ಗೊತ್ತು ಮಾಡಿತು. ವೆರ್ಚೆಲ್ಲಿಯ ಕೆಲವು ಆಟಗಾರರಿಗೆ ಅದೇ ಸಮಯಕ್ಕೆ ಸೈನ್ಯದ ಪಂದ್ಯಾವಳಿ ಇತ್ತು. ದಿನ ಮುಂದಕ್ಕೆ ಹಾಕಿ ಎಂದು ಕೇಳಿದರು. ಇಂಟರ್ ಒಪ್ಪಲಿಲ್ಲ, ಫೆಡರೇಷನ್ನೂ ಜಗ್ಗಲಿಲ್ಲ. ಆ ಸಿಟ್ಟಿಗೆ ಪ್ರೊ ವೆರ್ಚೆಲ್ಲಿ ತನ್ನ ನಾಲ್ಕನೇ ತಂಡವನ್ನು ಇಳಿಸಿತು, ಅಂದರೆ ಶಾಲೆಗೆ ಹೋಗುವ ವಯಸ್ಸಿನ ಹುಡುಗರನ್ನು. ಅದೂ ತಮ್ಮದೇ ಊರಿನ ಮೈದಾನದಲ್ಲಿ, ತಮ್ಮದೇ ಜನರ ಕಣ್ಣೆದುರು! ಇಂಟರ್ 10-3 ಗೆದ್ದಿತು. ಇಂಟರ್‌ನ ಮೊದಲ ಚಾಂಪಿಯನ್ ಪಟ್ಟ ಅದು.

ನನಗೆ ಆ 10ಕ್ಕಿಂತ 3 ಎಂಬ ಅಂಕಿಯೇ ಮನಸ್ಸಿನಲ್ಲಿ ಉಳಿದಿದೆ. ದೇಶದ ಅತ್ಯುತ್ತಮ ತಂಡದ ಎದುರು ಆ ಮಕ್ಕಳು ಮೂರು ಗೋಲು ಹೊಡೆದಿದ್ದಾರೆ. ದಿನ ಬದಲಾಯಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ, ಇಂಟರ್ ಮಾಡಿದ್ದು ಸಣ್ಣತನ ಅಂತಲೇ ನನ್ನ ಅನಿಸಿಕೆ. ಹಾಗಂತ ದೊಡ್ಡವರ ಜಗಳಕ್ಕೆ ಹುಡುಗರನ್ನು ಮುಂದೆ ಮಾಡಿದ್ದು ಸರಿ ಅಂತಲೂ ಹೇಳಲಾರೆ. ಫೆಡರೇಷನ್ ಕ್ಲಬ್ಬನ್ನು ಅಮಾನತು ಮಾಡಿತು. ಅದರಿಂದ ಮೇ 15ರಂದು ಮಿಲಾನ್‌ನಲ್ಲಿ ಇಟಲಿ ತಂಡ ತನ್ನ ಚರಿತ್ರೆಯ ಮೊತ್ತಮೊದಲ ಪಂದ್ಯ ಆಡಿ ಫ್ರಾನ್ಸನ್ನು 6-2ರಿಂದ ಸೋಲಿಸಿದಾಗ ಆ ತಂಡದಲ್ಲಿ ವೆರ್ಚೆಲ್ಲಿಯ ಒಬ್ಬ ಆಟಗಾರನೂ ಇರಲಿಲ್ಲ. ಪಾಪ, ಆಡಬೇಕಾಗಿದ್ದವರು ಅವರೇ ಅಲ್ವಾ.

ಪ್ರಶ್ನೆ: ಇಷ್ಟು ಗೆದ್ದ ತಂಡ ಆಮೇಲೆ ಎಲ್ಲಿಗೆ ಹೋಯಿತು? ಯುದ್ಧದಿಂದ ಹಾಳಾಯಿತಾ?
- ಓದುಗರು, ಶಿವಮೊಗ್ಗ

ಉತ್ತರ: ಯುದ್ಧದ ಪೆಟ್ಟು ಬಿತ್ತು, ಸುಳ್ಳಲ್ಲ. ನಾಯಕ ಮಿಲಾನೊನ ತಮ್ಮ ಫೆಲಿಚೆ, ಅವನೂ ಇದೇ ತಂಡದ ಆಟಗಾರ, 1915ರಲ್ಲಿ ಯುದ್ಧದಲ್ಲಿ ಸತ್ತ. ಆದರೂ ಯುದ್ಧ ಮುಗಿದ ಮೇಲೆ ತಂಡ ಎದ್ದು ನಿಂತು ಮತ್ತೆರಡು ಸಲ ಗೆದ್ದಿತಲ್ಲ. ಹಾಳು ಮಾಡಿದ್ದು ದುಡ್ಡು.

1923ರಲ್ಲಿ ಯುವೆಂಟಸ್ ಕ್ಲಬ್ ಫಿಯಟ್ ಕಾರು ಕಂಪನಿಯ ಆನ್ಯೆಲ್ಲಿ ಮನೆತನದ ಕೈಗೆ ಬಂತು. ಅದೇ ವರ್ಷ ಅವರ ಕಣ್ಣು ಬಿದ್ದದ್ದು ವೆರ್ಚೆಲ್ಲಿಯಲ್ಲೇ ಹುಟ್ಟಿ ಬೆಳೆದ ಡಿಫೆಂಡರ್ ವಿರ್ಜಿನಿಯೊ ರೊಸೆತ್ತಾನ ಮೇಲೆ. ವಯಸ್ಸು 21, ಆಗಲೇ ಎರಡು ಸಲ ಚಾಂಪಿಯನ್. ಆಟಕ್ಕೆ ಸಂಬಳ ಕೊಡುವ ಹಾಗಿಲ್ಲವಾದ್ದರಿಂದ ಟ್ಯೂರಿನ್‌ನಲ್ಲಿ ಲೆಕ್ಕ ಬರೆಯುವ ಕೆಲಸ ಕೊಡಿಸಿ ಕರೆದುಕೊಂಡರು. ಪ್ರೊ ವೆರ್ಚೆಲ್ಲಿಯ ಅಧ್ಯಕ್ಷ, ವಕೀಲ ಲುಯಿಜಿ ಬೊಜಿನೊ ಜಗಳಕ್ಕೇ ನಿಂತರು. ರೊಸೆತ್ತಾ ಆಡಿದ ಕೆಲವು ಪಂದ್ಯಗಳಲ್ಲಿ ಯುವೆಂಟಸ್ ಸೋತಿದೆ ಎಂದು ಫೆಡರೇಷನ್ ತೀರ್ಪನ್ನೂ ಕೊಟ್ಟಿತು. ಏನು ಪ್ರಯೋಜನ? ಹುಡುಗ ವಾಪಸ್ ಬರಲಿಲ್ಲ, ಮುಂದೆ ಯುವೆಂಟಸ್ ಜೊತೆ ಆರು ಸಲ ಚಾಂಪಿಯನ್ ಆದ. ಇಟಲಿಯ ಫುಟ್‌ಬಾಲಿನಲ್ಲಿ ದುಡ್ಡಿನ ಟ್ರಾನ್ಸ್‌ಫರ್ ಎಂಬುದು ಶುರುವಾದದ್ದೇ ಇವನಿಂದ ಎಂದು ಹೇಳುವವರಿದ್ದಾರೆ. 1926ರಲ್ಲಿ ನಿಯಮವೂ ಬದಲಾಗಿ ಆಟಗಾರರಿಗೆ ದುಡ್ಡು ಕೊಡಲು ದಾರಿಯಾಯಿತು.

ಇಲ್ಲಿ ರೊಸೆತ್ತಾನನ್ನು ಬಯ್ಯುವವರ ಜೊತೆ ನಾನಿಲ್ಲ. ಮೈ ಮುರಿದು ಆಡುವವನಿಗೆ ಅನ್ನ ಹುಟ್ಟಬೇಡವೇ? ತೊಂದರೆ ಇದ್ದದ್ದು ಊರಿನ ಅಳತೆಯಲ್ಲಿ. ಅಷ್ಟು ಸಣ್ಣ ಊರಿನಲ್ಲಿ ಟಿಕೆಟ್ ಮಾರಿ ಎಷ್ಟು ಬಂದೀತು? ಹಿಂದೆ ಆ ಊರಿಗೆ ಲಾಭವಾಗಿದ್ದ ಒಂದು ಸಂಗತಿ, ತನ್ನ ಹುಡುಗರನ್ನು ತಾನೇ ಬೆಳೆಸುವುದು, ಈಗ ದೊಡ್ಡ ಕ್ಲಬ್ಬುಗಳ ಕೆಲಸ ಹಗುರ ಮಾಡಿತು. ಬೆಳೆ ಇವರದು, ಕೊಯ್ಲು ಅವರದು.

ಸಿಲ್ವಿಯೊ ಪಿಯೋಲಾನ ಕತೆಯೂ ಅದೇ. ವೆರ್ಚೆಲ್ಲಿಯಲ್ಲಿ ಬೆಳೆದ ಹುಡುಗ, 1930ರಲ್ಲಿ 16ನೇ ವಯಸ್ಸಿಗೆ ಮೊದಲ ಪಂದ್ಯ. 1933ರ ಅಕ್ಟೋಬರಿನಲ್ಲಿ ಫಿಯೊರೆಂಟಿನಾ ವಿರುದ್ಧ 7-2 ಗೆದ್ದಾಗ ಅದರಲ್ಲಿ ಆರು ಗೋಲು ಇವನೊಬ್ಬನದೇ. ಮರುವರ್ಷ ಲಾಜಿಯೊಗೆ ಮಾರಬೇಕಾಯಿತು. ಅವನು ಹೋದ ಮೊದಲ ಸೀಸನ್ನಿನಲ್ಲೇ, 1935ರಲ್ಲಿ, ಪ್ರೊ ವೆರ್ಚೆಲ್ಲಿ ಸೀರಿ ಎಯಿಂದ, ಅಂದರೆ ಇಟಲಿಯ ಮೊದಲನೇ ದರ್ಜೆಯ ಲೀಗಿನಿಂದ, ಕೆಳಗಿಳಿಯಿತು. ಮತ್ತೆ ಹತ್ತಿಲ್ಲ. 1938ರ ವಿಶ್ವಕಪ್ ಫೈನಲ್‌ನಲ್ಲಿ ಹಂಗೇರಿಯ ವಿರುದ್ಧ ಪಿಯೋಲಾ ಎರಡು ಗೋಲು ಹೊಡೆದ. ಆ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಪಿಯೆತ್ರೊ ಫೆರಾರಿಸ್ ಕೂಡ ವೆರ್ಚೆಲ್ಲಿಯಲ್ಲಿ ಹುಟ್ಟಿ ಇದೇ ಕ್ಲಬ್ಬಿನಲ್ಲಿ ಆಟ ಕಲಿತವನು. ಸೀರಿ ಎಯಲ್ಲಿ 274 ಗೋಲಿನ ಪಿಯೋಲಾನ ದಾಖಲೆ ಈಗಲೂ ಹಾಗೇ ಇದೆ.

ಪ್ರಶ್ನೆ: ಈಗಲೂ ಕ್ಲಬ್ ಇದೆಯಾ?
- ಓದುಗರು, ಗಂಗಾವತಿ

ಉತ್ತರ: ಇದೆ. ಬಿಳಿ ಜೆರ್ಸಿಯೂ ಇದೆ. 2010ರಲ್ಲಿ ಹಳೇ ಕಂಪನಿ ದಿವಾಳಿಯಾಗಿ ಬಾಗಿಲು ಹಾಕಿತು. ಅದೇ ಊರಿನ ಇನ್ನೊಂದು ಕ್ಲಬ್, ಪ್ರೊ ಬೆಲ್ವೆದೆರೆ, ಹೆಸರನ್ನೂ ಪರಂಪರೆಯನ್ನೂ ವಹಿಸಿಕೊಂಡಿತು. ಎರಡೇ ವರ್ಷಕ್ಕೆ, 2012ರಲ್ಲಿ, ಪ್ಲೇಆಫ್‌ನಲ್ಲಿ ಕಾರ್ಪಿ ತಂಡವನ್ನು ಸೋಲಿಸಿ ಎರಡನೇ ದರ್ಜೆಗೆ ಏರಿತು. ಅಲ್ಲಿಂದ ಇಳಿದು 64 ವರ್ಷ ಆಗಿತ್ತು! ಮರುವರ್ಷ ಇಳಿದು, 2014ರಲ್ಲಿ ಮತ್ತೆ ಹತ್ತಿ, 2018ರಲ್ಲಿ ಮೂರನೇ ದರ್ಜೆಗೆ ವಾಪಸ್ ಆಯಿತು.

ಪ್ರಶ್ನೆ: ಪಿಯೋಲಾ ಹೆಸರಿನ ಸ್ಟೇಡಿಯಂ ಎರಡು ಊರಲ್ಲಿ ತೋರಿಸುತ್ತಿದೆ. ಯಾವುದು ಸರಿ?
- ಓದುಗರು, ಮಂಗಳೂರು

ಉತ್ತರ: ಎರಡೂ ಸರಿ. ಒಂದು ವೆರ್ಚೆಲ್ಲಿಯದು, ಇನ್ನೊಂದು ಪಕ್ಕದ ನೊವಾರಾದ್ದು. ಪಿಯೋಲಾ ಆಟ ಶುರು ಮಾಡಿದ್ದು ಮೊದಲನೆಯ ಊರಿನಲ್ಲಿ, 1954ರಲ್ಲಿ 40 ದಾಟಿದ ಮೇಲೆ ಮುಗಿಸಿದ್ದು ಎರಡನೆಯ ಊರಿನಲ್ಲಿ. ಎರಡೂ ಊರಿನವರಿಗೆ ಅವನು ನಮ್ಮವನೇ. ಹಾಗಾಗಿ ಈ ಎರಡು ಊರಿನ ತಂಡಗಳು ಎದುರಾದರೆ, ಯಾರ ಮೈದಾನದಲ್ಲಿ ಆಡಿದರೂ ಪಂದ್ಯ ನಡೆಯುವುದು ಸಿಲ್ವಿಯೊ ಪಿಯೋಲಾ ಸ್ಟೇಡಿಯಂನಲ್ಲೇ.