ಆಲ್ಟರ್ನೇಟರ್ ಬದಲಿಸುವ ಮುಂಚೆ ಅರ್ತ್ ವೈರ್ ನೋಡಿ

ಹೊಸ ಬ್ಯಾಟರಿ ಹಾಕಿಸಿ ತಿಂಗಳೂ ಆಗಿಲ್ಲ, ಬೆಳಿಗ್ಗೆ ಸೆಲ್ಫ್ ಹೊಡೆಯುತ್ತಿಲ್ಲ, ಗ್ಯಾರೇಜಿನವರು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಹೋಗಿದೆ ಅಂತಿದ್ದಾರೆ, ಮನೆಯಲ್ಲೇ ಚೆಕ್ ಮಾಡಬಹುದಾ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ನಾನೂ ನಿಮ್ಮ ಹಾಗೆ ದಾವಣಗೆರೆಯವನೇ. ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್. 12.2 ಅಂದರೆ ಹೆಚ್ಚುಕಮ್ಮಿ ಅರ್ಧ. ಆಮೇಲೆ ಸ್ಟಾರ್ಟ್ ಮಾಡಿ, ಎಸಿ, ಹೆಡ್‌ಲೈಟ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಮತ್ತೆ ನೋಡಿ. ಸಾಮಾನ್ಯವಾಗಿ 13.5ರಿಂದ 14.5ರ ಒಳಗೆ ಇರಬೇಕು. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರಬಹುದು. ತೀರಾ ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಳಿಸುತ್ತದೆ, ಅದಕ್ಕೆ ಒಂದೇ ಸಲ ನೋಡಿ ತೀರ್ಮಾನಕ್ಕೆ ಬರಬೇಡಿ.

13.5 ದಾಟುತ್ತಿಲ್ಲ ಅಂದರೆ ಎಲ್ಲರೂ ಆಲ್ಟರ್ನೇಟರ್ ಕಡೆಗೇ ಬೆರಳು ತೋರಿಸುತ್ತಾರೆ. ದಯವಿಟ್ಟು ಅಲ್ಲಿ ಸ್ವಲ್ಪ ತಡೆಯಿರಿ. ಎಂಜಿನ್ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಆಲ್ಟರ್ನೇಟರಿನ ಮೈಗೆ ಇಡಿ. ಬೆಲ್ಟ್ ಹತ್ತಿರ ಕೈ, ತೋಳು ಹುಷಾರು. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ತ್, ಅಂದರೆ ಬ್ಯಾಟರಿ ಮೈನಸ್ಸನ್ನು ಎಂಜಿನ್, ಬಾಡಿಗೆ ಸೇರಿಸುವ ವೈರು, ಸರಿಯಿಲ್ಲ. ಹಾಗೇ ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿನಿಂದ ಬ್ಯಾಟರಿ ಪ್ಲಸ್‌ಗೂ ನೋಡಿ.

ನನ್ನ ಕಾರಿನಲ್ಲಿ ಆಲ್ಟರ್ನೇಟರ್ 14.3 ಕೊಡುತ್ತಿತ್ತು, ಬ್ಯಾಟರಿಗೆ ಬರುತ್ತಿದ್ದದ್ದು 13.1 ಮಾತ್ರ. ಉಳಿದದ್ದೆಲ್ಲ ಅರ್ತ್ ವೈರಿನಲ್ಲೇ ಹೋಗುತ್ತಿತ್ತು. ಬ್ಯಾಟರಿ ಟ್ರೇ ಕೆಳಗೆ, ವೈರು ಗೇರ್‌ಬಾಕ್ಸಿಗೆ ಸೇರುವ ಕಡೆ, ಬೋಲ್ಟಿನ ಸುತ್ತ ಹಸಿರು ಕಿಲುಬು. ಮೇಲಿನಿಂದ ನೋಡಿದರೆ ಧೂಳು ಕೂತ ಹಾಗೆ ಕಾಣುತ್ತೆ ಅಷ್ಟೇ. ಬಿಚ್ಚಿದರೆ ವಾಷರ್ ಅಡಿಯಲ್ಲಿ ಲೋಹ ಕಾಣುತ್ತಲೇ ಇರಲಿಲ್ಲ. ಎಮ್ರಿ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ವ್ಯಾಸಲೀನ್ ಸವರಿದೆ. ಅಲ್ಲಿಗೆ ಸರಿಹೋಯಿತು. ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ತೊಳೆಯಿರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಚಾರ್ಜಿಂಗ್ ಸರಿಯಿದ್ದೂ ಬೆಳಿಗ್ಗೆ ಬ್ಯಾಟರಿ ಇಳಿದಿದ್ದರೆ, ಒಂದು ರಾತ್ರಿ ಮೈನಸ್ ಬಿಚ್ಚಿಟ್ಟು ನೋಡಿ. ಆಗ ಸ್ಟಾರ್ಟ್ ಆದರೆ ಡ್ಯಾಶ್‌ಕ್ಯಾಮೋ ಡಿಕ್ಕಿ ಲೈಟೋ ಕರೆಂಟ್ ತಿನ್ನುತ್ತಿದೆ ಅಂತ ಲೆಕ್ಕ. ಬರೀ ಊರೊಳಗೆ ಪಿ.ಬಿ. ರಸ್ತೆಯಲ್ಲೇ ಎಸಿ ಹಾಕಿಕೊಂಡು ಓಡಾಡುವವರಾದರೆ ವಾರಕ್ಕೊಮ್ಮೆ ಹೈವೇಯಲ್ಲಿ ಚಿತ್ರದುರ್ಗದ ಕಡೆಗೆ ಹೋಗಿಬನ್ನಿ, ಬ್ಯಾಟರಿ ತುಂಬೋಕೆ ಸಮಯ ಬೇಕಲ್ವಾ.

ವೈರುಗಳೆಲ್ಲ ಸರಿಯಿದ್ದು, ಬೆಲ್ಟೂ ಬಿಗಿಯಿದ್ದು, ಆಲ್ಟರ್ನೇಟರಿನ ಬೋಲ್ಟಿನಲ್ಲೇ 13 ಬರದಿದ್ದರೆ ಮಾತ್ರ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಆಗಲೂ ಮೊದಲು ಆಲ್ಟರ್ನೇಟರಿನೊಳಗಿನ ಕಾರ್ಬನ್ ಬ್ರಷ್, ರೆಗ್ಯುಲೇಟರ್ ನೋಡಿಸಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತೆ. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಟೆಸ್ಟ್ ಮಾಡ್ತೀನಿ ಅಂತ ಯಾರಾದರೂ ಬಂದರೆ ಬಿಡಲೇಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು (ಕಾರಿನ ಕಂಪ್ಯೂಟರ್) ಸುಟ್ಟುಹೋಗಬಹುದು.