ಬಸ್ಸಲ್ಲಿ ಉಳಿದ ಚಿಪ್ಪಿನ ಚೀಲ

ಮುರುಡೇಶ್ವರದಿಂದ ದಾವಣಗೆರೆಗೆ ಬರುವಾಗ ಬಸ್ಸಲ್ಲೇ ಉಳಿದ ಕಪ್ಪೆಚಿಪ್ಪಿನ ಚೀಲಕ್ಕೆ ನಿಮ್ಮ ಐದು ವರ್ಷದ ಮಗಳು ಇನ್ನೂ ಅಳುತ್ತಿರುವುದು ಬಹುಶಃ ಚಿಪ್ಪಿಗಲ್ಲ, ತಾನೇ ಹೆಕ್ಕಿದ್ದು ಹೋಯ್ತು ಅಂತ. ಹಾಗಾಗಿ ಅಂಗಡಿಯ ಫಳಫಳ ಚಿಪ್ಪು ನಡೆಯುವುದಿಲ್ಲ. ನನ್ನ ಮಗ ಒಂದೇ ನೋಟಕ್ಕೆ "ಇದು ನಂದಲ್ಲ" ಅಂದುಬಿಟ್ಟ.

ಮೊದಲು ಟಿಕೆಟ್ ಹುಡುಕಿ, ಬಸ್ ನಂಬರ್ ಹೇಳಿ ಡಿಪೋದಲ್ಲಿ ವಿಚಾರಿಸಿ. ಸಿಗುತ್ತೆ ಅಂತ ಹೇಳಲಾರೆ. ಕಸ ಅಂತ ಗುಡಿಸಿರಲೂಬಹುದು.

ಸಿಗದಿದ್ದರೆ ಪ್ರವಾಸದ ಫೋಟೋ ದೊಡ್ಡದು ಮಾಡಿ, ಅವಳ ಕೈಯಲ್ಲಿ ಎಂಥವಿದ್ದವು ನೋಡಿ. ಭಟ್ಕಳ, ಹೊನ್ನಾವರ ಕಡೆ ಪರಿಚಯದವರಿದ್ದರೆ ಅಂಥವೇ ಒಂದು ಹಿಡಿ ಹೆಕ್ಕಿ, ಸ್ವಲ್ಪ ಮರಳಿನ ಜೊತೆ ಕಳಿಸಲು ಹೇಳಿ. ಅಂಚು ಒಡೆದಿದ್ದರೂ ಇರಲಿ. ಆದರೆ ಒಳಗೆ ಜೀವ ಇಲ್ಲದ್ದೇ ಬೇಕು, ಇಲ್ಲಾಂದ್ರೆ ಪಾರ್ಸೆಲ್ ನಾರುತ್ತೆ! ದೊಡ್ಡ ಶಂಖದ ಆಸೆ ಬೇಡ, ಕೆಲವು ಜಾತಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

"ನಿನ್ನ ಚೀಲ ಸಿಕ್ತು" ಅಂತ ಸುಳ್ಳು ಹೇಳಬೇಡಿ, ಅವಳು ಎಣಿಸಿಟ್ಟಿರುತ್ತಾಳೆ. ಅದೇ ಸಮುದ್ರದ್ದು ಅನ್ನಿ, ಸಾಕು. ಕೈಗೂ ಕೊಡಬೇಡಿ. ಪರಾತದಲ್ಲಿ ಮರಳು ಹರಡಿ ಚಿಪ್ಪು ಹುದುಗಿಸಿಡಿ, ಅವಳೇ ಮತ್ತೆ ಹೆಕ್ಕಲಿ.